ಆಲದ ಮರದ ಬಳಿ ಹಾರ್ನ್ ಹೊಡೆದವರು ಯಾರು

ಹೆಸರು: ಊ ಪೋ ಸೈಂಗ್. ತಂದೆ: ಊ ಬಾ ಛೇ, ತೀರಿಕೊಂಡಿದ್ದಾರೆ. ವಯಸ್ಸು: 52. ಕೆಲಸ: ಬಾಡಿಗೆ ಕಾರು ಓಡಿಸುವುದು, 26 ವರ್ಷದಿಂದ. ವಾಸ: ಪಕೊಕ್ಕು ಪಟ್ಟಣ, ತಂಬಾಕು ಮಂಡಿಯ ಹಿಂದಿನ ಬೀದಿ. ಮನೆಗೆ ನಂಬರ್ ಇಲ್ಲ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಲೆಪ್ಪಂಗೋನ್ ಪೊಲೀಸ್ ಠಾಣೆಯಲ್ಲಿ ಹಾಜರಿದ್ದು ಈ ಮೂಲಕ ತಿಳಿಸುವುದೇನೆಂದರೆ, ಇದೇ ಫೆಬ್ರವರಿ 15ರಂದು ನಾನು ಇದೇ ಠಾಣೆಯಲ್ಲಿ ಒಂದು ಹೇಳಿಕೆ ಕೊಟ್ಟಿರುತ್ತೇನೆ. ಅದರಲ್ಲಿ ಸುಳ್ಳು ಇದೆ. ಯಾವುದು ಸುಳ್ಳು ಎಂಬುದನ್ನು ಆ ಜಾಗಕ್ಕೆ ಬಂದಾಗ ಹೇಳುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದುಕೊಳ್ಳಬೇಕೆಂದು ಬರೆಯುವವರಾದ ಕೋ ತೆಯ್ನ್ ಅವರನ್ನು ಕೇಳಿಕೊಂಡಿದ್ದೇನೆ. ಮೊದಲ ಹೇಳಿಕೆ ಕೊಡುವ ಹೊತ್ತಿಗೆ ನನ್ನ ಮೂರು ಹಲ್ಲು ಹೋಗಿದ್ದವು. ಮುರಿದವರು ಪೊಲೀಸರಲ್ಲ. ಈ ಹೇಳಿಕೆಗಾಗಿ ನನ್ನನ್ನು ಯಾರೂ ಹೊಡೆದಿಲ್ಲ, ಯಾರೂ ಕೇಳಿಯೂ ಇಲ್ಲ. ಬೆಳಿಗ್ಗೆ 7 ಗಂಟೆಗೆ ಲಾಕಪ್ಪಿನ ಬಾಗಿಲು ಬಡಿದು ಕರೆದವನು ನಾನೇ.

ನನ್ನ ಸುಳ್ಳಿನಿಂದಾಗಿ ಮೃತರಾದ ದೋ ಯಿನ್ ಮ್ವೇ ಅವರ ಹೆಸರು ಸೈನ್ಯದ ವಿರುದ್ಧ ಹೋರಾಡುವ ಕಾಡಿನವರಿಗೆ ಸುದ್ದಿ ಕೊಡುವವರ ಪಟ್ಟಿಗೆ ಸೇರಿದೆ. ಅವರ ತಂಗಿ ದೋ ಯಿನ್ ಶ್ವೇ, ವಯಸ್ಸು 57, ಎರಡು ದಿನದಿಂದ ನನ್ನ ಪಕ್ಕದ ಲಾಕಪ್ಪಿನಲ್ಲಿದ್ದಾರೆ. ನಾಳೆ ಬೆಳಿಗ್ಗೆ ಅವರನ್ನು ಸೇನಾ ಶಿಬಿರಕ್ಕೆ ಒಪ್ಪಿಸುತ್ತಾರೆ. ಅಲ್ಲಿಗೆ ಹೋದವರು ಹೇಗೆ ವಾಪಸಾಗುತ್ತಾರೆ ಎಂಬುದು ಈ ಠಾಣೆಯಲ್ಲಿ ಎಲ್ಲರಿಗೂ ಗೊತ್ತು.

ಫೆಬ್ರವರಿ 14, ಬುಧವಾರ. ಬೆಳಿಗ್ಗೆ 6:10ಕ್ಕೆ ದೋ ಯಿನ್ ಮ್ವೇ ಅವರು ಪಕೊಕ್ಕು ಕಾರ್ ಸ್ಟ್ಯಾಂಡಿಗೆ ಒಬ್ಬರೇ ಬಂದರು. ವಯಸ್ಸು 61, ಪ್ಯೇ ಪಟ್ಟಣದ ನಿವೃತ್ತ ಭೂಗೋಳ ಟೀಚರ್. ನಿವೃತ್ತಿಯಾಗಿ ವರ್ಷವಾದರೂ ಟೀಚರುಗಳ ಹಸಿರು ಲುಂಗಿಯನ್ನೇ ಉಟ್ಟಿದ್ದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಐರಾವತಿಯಲ್ಲಿ ದೋಣಿ ಬದಲಿಸಿ ಬದಲಿಸಿ ಪಕೊಕ್ಕುವರೆಗೆ ಬಂದಿದ್ದರಂತೆ. ಇಲ್ಲಿಂದ 71 ಮೈಲಿ ದೂರದ ಯೇಝಿನ್ ಹಳ್ಳಿಗೆ, ತಂಗಿಯ ಮನೆಗೆ ಹೋಗಬೇಕು ಎಂದರು. ನಾಲ್ಕು ವರ್ಷದಿಂದ ತಂಗಿಯ ಮುಖ ನೋಡಿಲ್ಲ ಎಂದರು.

ನಾನು ಬೇಡವೆಂದೆ. "ಶನಿವಾರ ಸಾಲು ಗಾಡಿ ಹೊರಡ್ತದೆ ಟೀಚರಮ್ಮಾ, ಹಿಂದೆ ಮುಂದೆ ಸೈನ್ಯದೋರು ಇರ್ತಾರೆ, ಅದ್ರಲ್ಲಿ ಹೋಗಿ," ಎಂದೆ.

ಅದಕ್ಕೆ ಅವರು, "ಸೈನ್ಯದೋರ್ ಜೊತೆ ಹೋದ್ರೆ ಕಾಡಿನೋರು ಹೊಡೀತಾರೆ. ಕಾಡಿನೋರ್ ಜೊತೆ ಹೋದ್ರೆ ಸೈನ್ಯದೋರು ಹೊಡೀತಾರೆ. ನಂಗೆ ಇಬ್ರ ಸಹವಾಸಾನೂ ಬೇಡ. ಮೂವತ್ಮೂರು ವರ್ಷ ಭೂಪಟದ್ ಮೇಲೆ ಕೋಲಿಟ್ಟು ಮಕ್ಕಳಿಗೆ ಈ ರಸ್ತೆ ತೋರ್ಸಿದೀನಿ. ಒಂದ್ಸಲನಾದ್ರೂ ಕಣ್ಣಾರೆ ನೋಡ್ಬೇಡ್ವೇನಪ್ಪಾ?" ಎಂದರು.

ಸ್ಟ್ಯಾಂಡಿನ ಬೇರೆ ಚಾಲಕರು ನಕ್ಕರು. ಅವರಲ್ಲೊಬ್ಬ, "ಹೋಗ್ಬಾ ಪೋ ಸೈಂಗ್, ಚಿಕ್ಕಂದಿನಲ್ಲಿ ಫೇಲಾಗಿದ್ಯಲ್ಲ, ಈಗ ಟೀಚರಮ್ಮನ ಕೈಲಿ ಪಾಸ್ ಮಾಡಿಸ್ಕೊಂಡ್ ಬಾ," ಎಂದ. ನಾನು ಐದನೇ ಕ್ಲಾಸಿನಲ್ಲಿ ಫೇಲಾದದ್ದು ನಿಜ. ಒಪ್ಪಿಕೊಂಡೆ. ನಾನು ಒಪ್ಪದಿದ್ದರೆ ಬೇರೆ ಯಾರೂ ಒಪ್ಪುತ್ತಿರಲಿಲ್ಲ, ಅವರು ಶನಿವಾರದವರೆಗೆ ಕಾಯುತ್ತಿದ್ದರು. ಇದನ್ನೂ ಬರೆದುಕೊಳ್ಳಬೇಕು.

6:35ಕ್ಕೆ ಹೊರಟೆವು. ನಮ್ಮಲ್ಲಿ ಕಾರುಗಳ ಸ್ಟಿಯರಿಂಗ್ ಬಲಕ್ಕಿದೆ, ಓಡಿಸುವುದೂ ರಸ್ತೆಯ ಬಲಕ್ಕೇ. ಮುಂದಿನ ಗಾಡಿಯನ್ನು ದಾಟಬೇಕಾದರೆ ಚಾಲಕನಿಗೆ ಎದುರಿನದು ಕಾಣುವುದಿಲ್ಲ. ಮುಂದೆ ಎಡಗಡೆ ಕುಳಿತವರು ಇಣುಕಿ ನೋಡಿ ಹೇಳಬೇಕು. ಹಿಂದೆ ಕೂರುತ್ತೀರಾ ಎಂದು ಕೇಳಿದ್ದಕ್ಕೆ ಟೀಚರಮ್ಮ, "ಹಿಂದೆ ಕೂತು ನಿನ್ನ ಬೋಳು ತಲೆ ನೋಡ್ಲಾ?" ಎಂದು ಮುಂದೆಯೇ ಕುಳಿತರು. ಕ್ಯಾರಿಯರನ್ನು ಕಾಲುಗಳ ನಡುವೆ ಇಟ್ಟುಕೊಂಡರು. ಮೊದಲ ಎತ್ತಿನ ಗಾಡಿ ಸಿಕ್ಕಿದಾಗಲೇ ಕೆಲಸ ಕಲಿತುಬಿಟ್ಟರು. "ತಡಿ ತಮ್ಮಾ, ಎದುರಿಗೊಂದು ಬಸ್ಸು", "ಈಗ್ ಹೋಗು" ಎಂದು ಹೇಳುತ್ತಿದ್ದರು. ಹತ್ತು ಮೈಲಿ ಆಗುವಷ್ಟರಲ್ಲಿ ಅವರು ಹೋಗು ಎಂದರೆ ನಾನು ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದೆ. ಅವರ ಮಾತನ್ನು ನಂಬಿ ನನಗೆ ಒಮ್ಮೆಯೂ ಮೋಸವಾಗಲಿಲ್ಲ.

8:05ಕ್ಕೆ 21ನೇ ಮೈಲಿಯ ಸೇತುವೆಯ ಹತ್ತಿರ ಸೈನಿಕರ ತಪಾಸಣೆ ಇತ್ತು. ರಸ್ತೆಯ ಬದಿ ಒಬ್ಬ ಮನುಷ್ಯನನ್ನು ಮಂಡಿಯೂರಿಸಿ ಕೂರಿಸಿದ್ದರು. ಅವನ ಫೋನಿನಲ್ಲಿ ಏನೋ ಫೋಟೋ ಸಿಕ್ಕಿತಂತೆ. ಒಬ್ಬ ಸೈನಿಕ ಹಸಿ ಬಿದಿರಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದ. ನಮ್ಮ ಕಾಗದ ನೋಡಿ ಮುಗಿಸುವವರೆಗೂ ಬಾರಿಸುತ್ತಲೇ ಇದ್ದ. ಬಿದಿರು ಸೀಳಿದ ಮೇಲೆ ಬೇರೆ ಬಿದಿರು ತಂದುಕೊಟ್ಟರು. ಟೀಚರಮ್ಮ ನೆಟ್ಟಗೆ ಮುಂದೆ ನೋಡುತ್ತಾ, ತುಟಿ ಅಲ್ಲಾಡಿಸದೆ, "ಮೂವತ್ತೊಂದು," ಎಂದರು. ಏನೆಂದು ಕೇಳಿದೆ. "ಎಣಿಸ್ತಿದೀನಿ. ಯಾರಾದ್ರೊಬ್ರು ಎಣಿಸ್ಬೇಕಲ್ಲ," ಎಂದರು.

ಕಾಗದ ನೋಡಿದ ಸೈನಿಕ ನನಗೆ, 38ನೇ ಮೈಲಿಯಿಂದ 47ನೇ ಮೈಲಿವರೆಗೆ ಹಾರ್ನ್ ಹೊಡೆಯಕೂಡದು ಎಂದು ಹೇಳಿದ. ಕಾಡಿನವರು ಹಾರ್ನ್ ಸದ್ದಿನಿಂದ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದಾರಂತೆ. "ಸದ್ದು ಬಂದ್ರೆ ಯಾರು ಏನು ಅಂತ ಕೇಳೋದಿಲ್ಲ ಮಾವಾ, ಹೊಡಿಯೋದೇ," ಎಂದ. ವಯಸ್ಸಿನಲ್ಲಿ ನನ್ನ ಮಗನಂತಿದ್ದ, ಮರ್ಯಾದೆಯಿಂದಲೇ ಹೇಳಿದ. ಆದ್ದರಿಂದ ನಿಷೇಧ ನನಗೆ ತಿಳಿದಿರಲಿಲ್ಲ ಎಂದು ನಾನು ಹೇಳಲಾರೆ.

9:20ಕ್ಕೆ 34ನೇ ಮೈಲಿಯ ತನೌಂಗ್‌ಬಿನ್ ಹಳ್ಳಿಯಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಮೀನಿನ ಸಾರು ಹಾಕಿದ ಶಾವಿಗೆ ತಿಂದೆವು. ಅಲ್ಲಿ ನಾನು 43ನೇ ಮೈಲಿಯ ಆಲದ ಮರದ ವಿಷಯ ಹೇಳಿದೆ. ಆ ಮರದಲ್ಲಿ ದಾರಿ ಕಾಯುವ ನಾಟ್ ದೈವ ಇದೆ. ಕೊಂಬೆಗೆ ಕೆಂಪು ಬಿಳಿ ಬಟ್ಟೆ ಕಟ್ಟಿರುತ್ತಾರೆ. ಹೊಸ ಗಾಡಿ ತಂದವರು ಅದರ ಮುಂದೆ ಮೂರು ಸಲ ಹಿಂದೆ ಮುಂದೆ ಚಲಾಯಿಸಿ ಗಾಡಿಯಿಂದಲೇ ನಮಸ್ಕಾರ ಮಾಡಿಸುತ್ತಾರೆ. ಹಳೆಯ ಗಾಡಿಯವರು ದಾಟುವಾಗ ಮೂರು ಹಾರ್ನ್ ಹೊಡೆಯುತ್ತಾರೆ. ಹೊಡೆಯದೆ ಹೋದವರ ಟೈರು ಒಡೆದದ್ದನ್ನು, ಬ್ರೇಕ್ ಹೋದದ್ದನ್ನು ನಾನೇ ಕಂಡಿದ್ದೇನೆ. ಟೀಚರಮ್ಮ, "ನಿನ್ನ ದೈವಕ್ಕೆ ಕಿವಿ ಮಂದಾನಾ? ಒಂದ್ಸಲ ಹೊಡೆದ್ರೆ ಕೇಳೋಲ್ವಾ?" ಎಂದು ಗೇಲಿ ಮಾಡಿದರು. ಇವತ್ತು ಮನಸ್ಸಿನಲ್ಲೇ ಹೊಡೆಯುತ್ತೇನೆ, ದೈವ ಅರ್ಥ ಮಾಡಿಕೊಳ್ಳುತ್ತದೆ ಎಂದೆ. ಅಂಗಡಿಯಾಕೆ, ಬೆಳಿಗ್ಗೆಯಿಂದ ಆ ಕಡೆಯಿಂದ ಒಂದು ಗಾಡಿಯೂ ಬಂದಿಲ್ಲ, ಸ್ವಲ್ಪ ತಡೆದು ಹೋಗಿ ಎಂದಳು. ಒಂದೂವರೆ ಗಂಟೆ ಕಾದೆವು.

10:55ಕ್ಕೆ ಸೈನ್ಯದ ಎರಡು ಟ್ರಕ್ಕುಗಳು ಅದೇ ಕಡೆಗೆ ಹೋದವು. ಟ್ರಕ್ ಹೋದರೆ ದಾರಿ ಸರಿಯಿದೆ ಎಂದು ಲೆಕ್ಕ ಹಾಕಿ ಐದು ನಿಮಿಷ ಬಿಟ್ಟು ನಾನೂ ಹೊರಟೆ. ಏರಿನಲ್ಲಿ ಟ್ರಕ್ಕುಗಳು ನಿಧಾನವಾಗಿದ್ದರಿಂದ 42ನೇ ಮೈಲಿಯ ಹೊತ್ತಿಗೆ ಹಿಂದಿನ ಟ್ರಕ್ಕಿಗೂ ನನಗೂ 60 ಗಜ ಮಾತ್ರ ಅಂತರ ಉಳಿದಿತ್ತು. ಟ್ರಕ್ಕಿನ ಹಿಂಭಾಗದಲ್ಲಿ ಕುಳಿತ ಸೈನಿಕರ ಮುಖಗಳು ಕಾಣುತ್ತಿದ್ದವು. ಒಬ್ಬ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತಿದ್ದ.

11:32ಕ್ಕೆ ತಿರುವು ಕಳೆದು ಮರ ಕಾಣಿಸಿತು. ಟೀಚರಮ್ಮ, "ತಮ್ಮಾ, ಅದೇನಾ ನಿನ್ನ ಮರ?" ಎಂದು ಕೇಳಿದರು. ಹೂಂ ಎನ್ನುತ್ತಾ ನಾನು ಮರದ ಕಡೆ ನೋಡಿದೆ, ನನ್ನ ಕೈ ಹಾರ್ನ್ ಒತ್ತಿತು. ಒಂದು, ಎರಡು. ಮೂರನೆಯದು ಅರ್ಧಕ್ಕೆ ನಿಂತಿತು, ಏಕೆಂದರೆ ಟೀಚರಮ್ಮ ಬಾಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. 26 ವರ್ಷ ಆ ಮರದ ಮುಂದೆ ಹೋಗಿದ್ದೇನೆ. ಬೇಕೆಂದು ಹೊಡೆಯಲಿಲ್ಲ. ಬೇಡವೆಂದು ತಡೆಯಲೂ ಇಲ್ಲ. ಹಾರ್ನ್ ಹೊಡೆದವನು ನಾನು. ಮೊದಲ ಹೇಳಿಕೆಯಲ್ಲಿ ಟೀಚರಮ್ಮ ಹೊಡೆದರು ಎಂದಿರುವುದು ಒಂದನೆಯ ಸುಳ್ಳು. ಸ್ಟಿಯರಿಂಗ್ ಮೇಲೆ ಅವರ ಕೈಯನ್ನು ಟ್ರಕ್ಕಿನಲ್ಲಿದ್ದ ಸೈನಿಕರು ನೋಡಿದ್ದರಿಂದ ಆ ಸುಳ್ಳು ನಿಂತುಕೊಂಡಿತು.

ಹಿಂದಿನ ಟ್ರಕ್ಕಿನವರು ತಕ್ಷಣ ನಮ್ಮ ಮೇಲೆ ಗುಂಡು ಹಾರಿಸಿದರು. ಮುಂದಿನ ಗಾಜು ಪುಡಿಯಾಯಿತು. ಕಾರು ಬಲಗಡೆಯ ಚರಂಡಿಗೆ ಅರ್ಧ ಇಳಿದು ನಿಂತಿತು. ಅದೇ ಹೊತ್ತಿಗೆ ಮುಂದಿನ ಟ್ರಕ್ಕಿನ ಕೆಳಗೆ ಬಾಂಬು ಸಿಡಿಯಿತು. ಕಾಡಿನವರು ಎಡಗಡೆಯ ದಿಬ್ಬದ ಮೇಲೆ ಮೊದಲಿನಿಂದಲೂ ಕಾದು ಕುಳಿತಿದ್ದರು. ಅವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಹಾರ್ನ್ ಹೊಡೆಯದಿದ್ದರೆ ಆ ಸೈನಿಕರು ಬದುಕುತ್ತಿದ್ದರೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನಾಲ್ಕು ರಾತ್ರಿಯಿಂದ ಅದನ್ನೇ ಯೋಚಿಸಿದ್ದೇನೆ, ಇನ್ನೂ ಗೊತ್ತಿಲ್ಲ.

ಮುಂದಿನ ಟ್ರಕ್ಕು ಮಗುಚಿ ಬೆಂಕಿ ಹತ್ತಿತು. ಚಾಲಕ ಕಿಟಕಿಯಲ್ಲಿ ಸೊಂಟದವರೆಗೆ ಹೊರಗೆ ಬಂದು ಸಿಕ್ಕಿಕೊಂಡ, ಹಾಗೇ ಉರಿದ. ಅವನ ಕೂಗು ಎಷ್ಟು ಹೊತ್ತು ಇತ್ತೆಂದು ಹೇಳಲಾರೆ, ನನಗೆ ಬಹಳ ಹೊತ್ತು ಎನಿಸಿತು. ಹಿಂದಿನ ಟ್ರಕ್ಕಿನಿಂದ ಹಾರಿದವರಲ್ಲಿ ಇಬ್ಬರು ರಸ್ತೆಯ ಮೇಲೇ ಬಿದ್ದರು. ಬೀಜ ಕಡಿಯುತ್ತಿದ್ದವನ ದವಡೆ ಹಾರಿಹೋಗಿತ್ತು. ಅವನು ಕುಳಿತೇ ಇದ್ದ, ಎರಡು ಕೈಯಿಂದ ಗಲ್ಲ ಇದ್ದ ಜಾಗವನ್ನು ತಡಕುತ್ತಿದ್ದ. ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ತೆವಳುತ್ತಾ ನನ್ನ ಕಾರಿನ ಕೆಳಗೆ ಬಂದ. ಅಮ್ಮನನ್ನು ಕರೆಯುತ್ತಿದ್ದ. ಆಮೇಲೆ ಕರೆಯುವುದು ನಿಂತಿತು.

ಟೀಚರಮ್ಮನ ಎಡ ತೊಡೆಗೆ ಗುಂಡು ತಗುಲಿತ್ತು. ನಾನು ಅವರನ್ನು ನನ್ನ ಕಡೆಯ ಬಾಗಿಲಿನಿಂದ ಎಳೆದು ಹಿಂದಿನ ಚಕ್ರಕ್ಕೆ ಒರಗಿಸಿ ಕೂರಿಸಿದೆ. ಹೆಗಲ ಮೇಲಿದ್ದ ಟವಲಿನಿಂದ ತೊಡೆಯನ್ನು ಬಿಗಿಯಾಗಿ ಕಟ್ಟಿದೆ. ರಕ್ತ ಕಡಿಮೆಯಾಯಿತು. ಅವರಿಗೆ ಪ್ರಜ್ಞೆ ಇತ್ತು. "ಇನ್ನೂ ಬಿಗಿ. ನೋವಾಗ್ತದೆ ಅಂತ ಹೆದರ್ಬೇಡ, ನೋವು ನಂದು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಯೇಝಿನ್‌ಗೆ ಇನ್ನೆಷ್ಟು ದೂರ?" ಎಂದು ಕೇಳಿದರು. 28 ಮೈಲಿ ಎಂದೆ. "ಹಾಗಾದ್ರೆ ಮಧ್ಯಾಹ್ನದ ಊಟಕ್ಕೆ ಹೋಗೋಕಾಗಲ್ಲ," ಎಂದರು. ಆ ಗಾಯದಿಂದ ಅವರು ಸಾಯುತ್ತಿರಲಿಲ್ಲ. ನಾನು ಡಾಕ್ಟರಲ್ಲ, ಆದರೆ ರಸ್ತೆಯ ಮೇಲೆ ಬಹಳ ಅಪಘಾತ ನೋಡಿದ್ದೇನೆ.

11:55ಕ್ಕೆ ಗುಂಡಿನ ಸದ್ದು ನಿಂತಿತು. ಕಾಡಿನವರು ದಿಬ್ಬದ ಆಚೆಗೆ ಇಳಿದು ಹೋದರು. ಅವರಲ್ಲಿ ಒಬ್ಬ ಕಾಲಿಗೆ ಗಾಯವಾಗಿ ಹಿಂದೆ ಉಳಿದಿದ್ದ. ಸೈನಿಕರು ಅವನನ್ನು ಕೂದಲು ಹಿಡಿದು ರಸ್ತೆಗೆ ಎಳೆತಂದು, ಬಂದೂಕಿನ ಹಿಂಭಾಗದಿಂದ ತಲೆಗೆ ಜಜ್ಜಿ ಕೊಂದರು. ನಾಲ್ಕು ಜನ ಸರದಿಯಂತೆ ಹೊಡೆದರು. ಟೀಚರಮ್ಮ ಈ ಸಲ ಎಣಿಸಲಿಲ್ಲ.

ಅಂದಾಜು 12:05ಕ್ಕೆ ಒಬ್ಬ ಹವಾಲ್ದಾರ ಇಬ್ಬರು ಸೈನಿಕರೊಂದಿಗೆ ನಮ್ಮಲ್ಲಿಗೆ ಬಂದ. ಅವನ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಏನೂ ಕೇಳದೆ ಬಂದೂಕಿನಿಂದ ನನ್ನ ಬಾಯಿಗೆ ಗುದ್ದಿದ. ಹಲ್ಲು ಹೋದದ್ದು ಆಗ. ನಾನು ಬಿದ್ದೆ. ನನ್ನ ಎದೆಯ ಮೇಲೆ ಕಾಲಿಟ್ಟು, "ಹಾರ್ನ್ ಹೊಡೆದೋರು ಯಾರೋ?" ಎಂದು ಕೂಗಿದ. ಅವನಿಗೆ ಕಿವಿ ಕೇಳುತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ಬಾಯಲ್ಲಿ ರಕ್ತ ತುಂಬಿಕೊಂಡು ಏನೋ ಅಂದೆ, ಅವನಿಗೆ ಕೇಳಲಿಲ್ಲ. "ತೋರ್ಸು!" ಎಂದ.

ನಾನು ಕೈ ಎತ್ತಿ ಟೀಚರಮ್ಮನನ್ನು ತೋರಿಸಿದೆ.

ತೋರಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಸಬಹುದಿತ್ತು. ಕೋ ತೆಯ್ನ್ ಅವರೂ ಹಾಗೆ ಬರೆಯೋಣ ಎಂದರು. ಬೇಡ. ನನಗೆ ಗೊತ್ತಿತ್ತು. ಹಾರ್ನ್ ಹೊಡೆದದ್ದು ಕೈಯ ಅಭ್ಯಾಸ. ಇದು ಅಭ್ಯಾಸವಲ್ಲ.

ಟೀಚರಮ್ಮ ನನ್ನಿಂದ ನಾಲ್ಕು ಅಡಿ ದೂರದಲ್ಲಿ ಕುಳಿತಿದ್ದರು. ಅವರು ಹವಾಲ್ದಾರನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ, "ಯಾಕಪ್ಪಾ?" ಎಂದರು. ಬೈದಂತಿರಲಿಲ್ಲ. ಕ್ಲಾಸಿನಲ್ಲಿ ಉತ್ತರ ತಿಳಿಯದ ಹುಡುಗನನ್ನು ಕೇಳಿದಂತಿತ್ತು. ಹವಾಲ್ದಾರ ಅವರಿಗೆ ಎರಡು ಗುಂಡು ಹೊಡೆದ, ಒಂದು ಎದೆಗೆ, ಒಂದು ಕಣ್ಣಿನ ಕೆಳಗೆ. ಕಾಡಿನವರ ಗುಂಡಿಗೆ ಸತ್ತರು ಎಂದು ಮೊದಲ ಹೇಳಿಕೆಯಲ್ಲಿರುವುದು ಎರಡನೆಯ ಸುಳ್ಳು. ಅದನ್ನು ಮೊದಲು ಹೇಳಿದವನು ನಾನಲ್ಲ. ಆದರೆ ಹೌದು ಎಂದು ಹೆಬ್ಬೆಟ್ಟು ಒತ್ತಿದವನು ನಾನು.

ಆಮೇಲೆ ನನ್ನ ಕಾರಿಗೆ ಬೆಂಕಿ ಹಚ್ಚಿದರು. ಸೈನಿಕರ ಏಳು ಹೆಣಗಳನ್ನು ಉಳಿದ ಟ್ರಕ್ಕಿಗೆ ನನ್ನಿಂದಲೇ ಹೊರಿಸಿದರು. ಟೀಚರಮ್ಮನನ್ನು ಎತ್ತುವುದಕ್ಕೂ ನನಗೇ ಹೇಳಿದರು. ತೀರಾ ಹಗುರವಾಗಿದ್ದರು. ಮಧ್ಯಾಹ್ನ 2:40ಕ್ಕೆ ಈ ಠಾಣೆಗೆ ತಂದು ಒಪ್ಪಿಸಿದರು.

ಫೆಬ್ರವರಿ 16ರಂದು ಬೆಳಿಗ್ಗೆ 10 ಗಂಟೆಗೆ ದೋ ಯಿನ್ ಶ್ವೇ ಅವರು ಅಕ್ಕನ ದೇಹ ಕೇಳಿಕೊಂಡು ಯೇಝಿನ್‌ನಿಂದ ಬಂದರು. ಕಾಡಿನವರಿಗೆ ಸುದ್ದಿ ಕೊಟ್ಟವಳ ತಂಗಿ ಎಂದು ಅವರನ್ನು ಒಳಗೆ ಹಾಕಿದರು. ನಮ್ಮ ಎರಡು ಲಾಕಪ್ಪುಗಳ ನಡುವೆ ಮರದ ಸರಳಿನ ಅಡ್ಡಗೋಡೆ ಮಾತ್ರ ಇದೆ. ಮಧ್ಯಾಹ್ನ ಊಟ ಕೊಟ್ಟಾಗ ನಾನು ಅಗಿಯಲಾರದೆ ಸುಮ್ಮನೆ ಕುಳಿತಿದ್ದೆ. ಅದನ್ನು ಕಂಡು ಆಕೆ ತಮ್ಮ ತಟ್ಟೆಯ ಅನ್ನವನ್ನು ಸಾರಿನಲ್ಲಿ ಕಿವುಚಿ, ಗಂಜಿಯಂತೆ ಮಾಡಿ, ಸರಳುಗಳ ಸಂದಿಯಿಂದ ನನ್ನ ಕಡೆ ತಳ್ಳಿದರು. "ಉಣ್ಣಣ್ಣಾ. ಅಕ್ಕ ಒಬ್ಳೇ ಸಾಯ್ಲಿಲ್ಲ, ನೀನು ಕೊನೆವರ್ಗೂ ಪಕ್ಕದಲ್ಲೇ ಇದ್ಯಂತಲ್ಲ. ಪೊಲೀಸ್ನೋರು ಹೇಳಿದ್ರು," ಎಂದರು. ನಾನು ಉಂಡೆ.

ಉಂಡ ಮೇಲೆ ಆಕೆ, ಅಕ್ಕ ಕೊನೆಗೆ ಏನಾದರೂ ಹೇಳಿದರೇ ಎಂದು ಕೇಳಿದರು. ನೀರು ಕೇಳಿದರು ಎಂದೆ. "ಕೊಟ್ಯಾ?" ಎಂದರು. ಕೊಟ್ಟೆ ಎಂದೆ. ಆಕೆ ನನಗೆ ಕೈ ಮುಗಿದರು. ನಿನ್ನೆಯೂ ಎರಡು ಹೊತ್ತು ಅನ್ನ ಕಿವುಚಿ ಕೊಟ್ಟಿದ್ದಾರೆ. ನಿನ್ನೆ ಸಂಜೆ, ಅವರನ್ನು ಸೋಮವಾರ ಶಿಬಿರಕ್ಕೆ ಕಳಿಸುವ ಮಾತನ್ನು ಪೊಲೀಸರು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಈ ಹೇಳಿಕೆ ಬರೆದುಕೊಳ್ಳುತ್ತಾ ಕೋ ತೆಯ್ನ್ ಅವರು ಮೂರು ಸಲ ಪೆನ್ನು ಕೆಳಗಿಟ್ಟರು. "ಸತ್ತೋರು ಸತ್ರು ಪೋ ಸೈಂಗಣ್ಣಾ. ಹವಾಲ್ದಾರನ ವಿಷಯ ಬರೆಸ್ತಿದೀಯ, ನಿನ್ನ ಗುಂಡಿ ನೀನೇ ತೋಡ್ಕೊಳ್ತಿದೀಯ. ಇಷ್ಟು ಹರಿದ್ ಹಾಕ್ತೀನಿ, ಹೋಗಿ ಮಲಗು. ನಾಳಿದ್ದು ನಿನ್ನ ಬಿಡ್ತಾರೆ," ಎಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನನಗೆ ಹೆದರಿಕೆ ಇಲ್ಲವೆಂದಲ್ಲ. ಆದರೂ ಹರಿಯಬೇಡಿ ಎಂದು ಕೈ ಹಿಡಿದು ಕೇಳಿಕೊಂಡೆ.

ನಾನು ಕೇಳಿಕೊಳ್ಳುವುದು ಇಷ್ಟು. ದೋ ಯಿನ್ ಮ್ವೇ ಅವರ ಹೆಸರನ್ನು ಸುದ್ದಿ ಕೊಡುವವರ ಪಟ್ಟಿಯಿಂದ ತೆಗೆದು, ಆ ಜಾಗದಲ್ಲಿ ಬೇಕಾದರೆ ನನ್ನ ಹೆಸರು ಬರೆಯಬೇಕು. ದೋ ಯಿನ್ ಶ್ವೇ ಅವರನ್ನು ಇಂದೇ ಬಿಟ್ಟು, ಅಕ್ಕನ ದೇಹವನ್ನು ಅವರ ಕೈಗೆ ಕೊಡಬೇಕು. ಕಳಿಸುವ ಮೊದಲು ಈ ಹೇಳಿಕೆಯನ್ನು ಒಂದು ಮಾತೂ ಬಿಡದೆ ಅವರಿಗೆ ಓದಿ ಹೇಳಬೇಕು. ಟೀಚರಮ್ಮ ನೀರು ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಅವರು ಕೇಳಿದ್ದು ಏನೆಂಬುದನ್ನು ಅವರ ತಂಗಿಗೆ ತಿಳಿಸಬೇಕು. ಓದುವಾಗ ನಾನು ಎದುರಿಗಿರುತ್ತೇನೆ. ಕೇಳಿದ ಮೇಲೆ ಅವರು ನನಗೆ ಏನು ಹೇಳಿದರೂ, ಏನು ಮಾಡಿದರೂ, ಅದನ್ನು ಯಾರೂ ಬರೆದುಕೊಳ್ಳಬೇಕಾಗಿಲ್ಲ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಓದಿ ಹೇಳಿದ್ದನ್ನು ಕೇಳಿದ್ದೇನೆ, ಎಲ್ಲವೂ ನಡೆದ ಹಾಗೆಯೇ ಇದೆ. ಇದನ್ನು ನಾನು ಮತ್ತೆ ಬದಲಿಸುವುದಿಲ್ಲ.

ಸ್ಥಳ: ಲೆಪ್ಪಂಗೋನ್ ಪೊಲೀಸ್ ಠಾಣೆ
ದಿನಾಂಕ: 18 ಫೆಬ್ರವರಿ 2024, ಭಾನುವಾರ, ಬೆಳಿಗ್ಗೆ 10:15

ಹೇಳಿಕೆ ಕೊಟ್ಟವರು: ಊ ಪೋ ಸೈಂಗ್ (ಬಲಗೈ ಹೆಬ್ಬೆಟ್ಟಿನ ಗುರುತು)
ಬರೆದುಕೊಂಡವರು: ಕೋ ತೆಯ್ನ್ (ಸಹಿ)